ಮೊದಲ ದಿನ ಈಟಿ ದಡದಲ್ಲೇ ಇರಲಿ

2023ರ ಡಿಸೆಂಬರ್ 30. ಆಸ್ಟ್ರೇಲಿಯಾದಲ್ಲಿ ಅದು ಬೇಸಿಗೆ ರಜೆಯ ಕಾಲ. ಸಿಡ್ನಿಯ ದಕ್ಷಿಣ ಅಂಚಿನ ಕ್ರೊನಲ್ಲಾದಲ್ಲಿ ಓಕ್ ಪಾರ್ಕ್ ಎಂಬ ಪುಟ್ಟ ಕಡಲತೀರವಿದೆ. ಆ ದಿನ ಅಲ್ಲಿ ಒಬ್ಬಾತ ನೀರಿಗಿಳಿದು ಒಂದು ನೀಲಿ ಗ್ರೋಪರ್ ಮೀನನ್ನು ಈಟಿಯಿಂದ ಹೊಡೆದು ದಡಕ್ಕೆ ತಂದ. ಅಲ್ಲಿ ದಿನವೂ ಈಜುವವರಿಗೆ ಅದು ಗುರುತಿನ ಮೀನು. ಮನುಷ್ಯರನ್ನು ಕಂಡರೆ ಓಡದೆ ಹತ್ತಿರವೇ ಬಂದು ಸುಳಿಯುತ್ತಿತ್ತು. ನೀಲಿ ಗ್ರೋಪರ್ ನ್ಯೂ ಸೌತ್ ವೇಲ್ಸ್‌ನ ರಾಜ್ಯಮೀನು, ಅದರ ಮೇಲೆ ಈಟಿ ಬೀಸುವುದು ದಶಕಗಳಿಂದಲೂ ಅಪರಾಧ. ಹೊಡೆದವನಿಗೆ 500 ಡಾಲರ್ ದಂಡ ಬಿತ್ತು. ಊರವರ ಸಂಕಟ, ಸಿಟ್ಟು ಅಷ್ಟಕ್ಕೆ ತಣಿಯಲಿಲ್ಲ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಗಾಳ ಹಾಕಿಯೂ ಗ್ರೋಪರ್ ಹಿಡಿಯಕೂಡದೆಂದು ಒಂದು ವರ್ಷದ ನಿಷೇಧ ಹೊರಡಿಸಿತು. ಒಬ್ಬನ ಒಂದು ಹೊಡೆತಕ್ಕೆ, ಆ ತಪ್ಪು ಮಾಡದ ಸಾವಿರಾರು ಗಾಳಗಾರರೂ ತಮ್ಮ ಹಕ್ಕನ್ನು ಬಿಟ್ಟುಕೊಡಬೇಕಾಯಿತು. ದಂಡ ಸಾಕೇ, ಜೈಲು ಬೇಕೇ ಎಂಬ ಚರ್ಚೆ ಜೋರಾಗಿಯೇ ನಡೆಯಿತು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿತ್ತು: ಕಡಲಿಗೆ ಈಟಿ ಹಿಡಿದು ಇಳಿಯುವವನಿಗೆ ಆ ಕೆಲಸವನ್ನು ಯಾರು, ಎಲ್ಲಿ, ಎಷ್ಟು ದಿನ ಕಲಿಸುತ್ತಾರೆ?

ಉತ್ತರ ಸರಳ. ಯಾರೂ ಕಲಿಸಲೇಬೇಕೆಂದಿಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಹವ್ಯಾಸಕ್ಕೆ ಮೀನು ಹಿಡಿಯುವವರು ವರ್ಷಕ್ಕೆ 35 ಡಾಲರ್ ಶುಲ್ಕ ಕಟ್ಟಿದರೆ ಸಾಕು. 18 ತುಂಬದವರಿಗೆ ಆ ಶುಲ್ಕವೂ ಇಲ್ಲ. ಶುಕ್ರವಾರ ಸಂಜೆ ಅಂಗಡಿಗೆ ಹೋಗಿ ಮಾಸ್ಕು, ಸ್ನಾರ್ಕೆಲ್, ಕಾಲಿನ ಫಿನ್ನು, ವೆಟ್‌ಸೂಟು, ಸೀಸದ ಬೆಲ್ಟು, ರಬ್ಬರಿನ ಸೆಳೆತದಲ್ಲಿ ಉಕ್ಕಿನ ಸರಳನ್ನು ಚಿಮ್ಮಿಸುವ ಸ್ಪಿಯರ್‌ಗನ್ ಕೊಂಡವನು ಶನಿವಾರ ಬೆಳಿಗ್ಗೆ ಪೆಸಿಫಿಕ್ ಸಾಗರದಲ್ಲಿರಬಹುದು. ನಿಯಮಗಳಿಲ್ಲವೆಂದಲ್ಲ, ಬೇಕಾದಷ್ಟಿವೆ. ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಈಟಿ ಹಿಡಿಯುವಂತಿಲ್ಲ, ದೀಪ ಬಿಟ್ಟು ಬೇಟೆಯಾಡುವಂತಿಲ್ಲ, ಒಂದೊಂದು ಮೀನಿಗೂ ಅಳತೆ ಮತ್ತು ಎಣಿಕೆಯ ಮಿತಿ ಇದೆ. ಇವೆಲ್ಲವನ್ನೂ ಹೊಸಬ ತಾನೇ ಓದಿಕೊಂಡಿರುತ್ತಾನೆ, ಓದಿದ್ದು ನೀರಿನೊಳಗೆ ನೆನಪಿಗೆ ಬರುತ್ತದೆ ಎಂಬ ನಂಬಿಕೆಯ ಮೇಲೆ ವ್ಯವಸ್ಥೆ ನಿಂತಿದೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿದ ಕನ್ನಡದ ಕುಟುಂಬಗಳ ಹುಡುಗ ಹುಡುಗಿಯರೂ ಈಗ ಆ ಕಡಲಿನ ಮಕ್ಕಳೇ ಆಗಿರುವುದರಿಂದ ಇದು ನಮಗೂ ದೂರದ ಮಾತಲ್ಲ. ನಾನು ಹೇಳಬೇಕೆಂದಿರುವುದು ಇಷ್ಟು: ಈಟಿ ಮೀನುಗಾರಿಕೆಯ ಮೊದಲ ದಿನ ಈಟಿಯಿಲ್ಲದ ದಿನವಾಗಬೇಕು. ಸಂಪ್ರದಾಯವಾಗಿ ಮಾತ್ರವಲ್ಲ, ನಿಯಮವಾಗಿಯೂ.

ಗಾಳಕ್ಕೂ ಈಟಿಗೂ ಇರುವ ದೊಡ್ಡ ವ್ಯತ್ಯಾಸದಿಂದಲೇ ಶುರು ಮಾಡೋಣ. ಗಾಳ ಹಾಕುವವನು ಮೊದಲು ಹಿಡಿಯುತ್ತಾನೆ, ಆಮೇಲೆ ತೀರ್ಮಾನಿಸುತ್ತಾನೆ. ಮೀನು ಮೇಲೆ ಬಂದ ಮೇಲೆ ಅಳೆಯಬಹುದು, ಜಾತಿ ನೋಡಬಹುದು, ಚಿಕ್ಕದಾದರೆ ಕೊಕ್ಕೆ ಬಿಡಿಸಿ ನೀರಿಗೆ ಬಿಡಬಹುದು. ಹಾಗೆ ಬಿಟ್ಟವೆಲ್ಲ ಬದುಕುತ್ತವೆ ಎನ್ನಲಾಗದು, ಆದರೂ ತಪ್ಪನ್ನು ತಿದ್ದಿಕೊಳ್ಳಲು ಒಂದು ಬಾಗಿಲು ತೆರೆದಿರುತ್ತದೆ. ಈಟಿಗೆ ಆ ಬಾಗಿಲಿಲ್ಲ. ಇಲ್ಲಿ ತೀರ್ಮಾನ ಮೊದಲು, ಹಿಡಿಯುವುದು ಆಮೇಲೆ. ಸರಳು ಹೊಕ್ಕ ಮೀನನ್ನು ಕಡಲಿಗೆ ಮರಳಿಸಿದರೆ ಅದು ಹೆಣವಾಗಿಯೇ ಮರಳುತ್ತದೆ. ಹೀಗಾಗಿ ಈಟಿ ಹಿಡಿದವನಿಗೆ ಬೇಕಾದ ಅರಿವೆಲ್ಲ ಗನ್ನಿನ ಕುದುರೆ ಎಳೆಯುವ ಮುಂಚೆಯೇ ಅವನೊಳಗೆ ಕೂತಿರಬೇಕು. ಯಾವ ಮೀನು, ಎಷ್ಟು ಉದ್ದ, ಎಷ್ಟು ದೂರ, ಅದರ ಹಿಂದೆ ಏನಿದೆ, ತನ್ನ ಎದೆಯಲ್ಲಿ ಇನ್ನೆಷ್ಟು ಉಸಿರಿದೆ, ಜೊತೆಗಾರ ಎಲ್ಲಿದ್ದಾನೆ ಎಂಬುದೆಲ್ಲ ಒಂದೆರಡು ಕ್ಷಣದೊಳಗೆ ಗೊತ್ತಾಗಬೇಕು. ಅನುಭವಿಗೆ ಇವು ಯೋಚನೆಯಾಗಿ ಉಳಿದಿರುವುದಿಲ್ಲ, ಮೈಗೆ ಹತ್ತಿರುತ್ತವೆ. ಮೊದಲ ದಿನದವನಿಗೆ ಇವುಗಳಲ್ಲಿ ಒಂದೂ ಮೈಗೆ ಹತ್ತಿರುವುದಿಲ್ಲ. ಮಾಸ್ಕಿನೊಳಗೆ ನುಗ್ಗುವ ನೀರು, ಕಿವಿಯ ಒತ್ತಡ, ಅಲೆಯ ತಳ್ಳಾಟ ಇವೇ ಅವನ ಗಮನವನ್ನೆಲ್ಲ ನುಂಗಿರುತ್ತವೆ.

ಅದರ ಮೇಲೆ ಅವನ ಕಣ್ಣೇ ಅವನಿಗೆ ಸುಳ್ಳು ಹೇಳುತ್ತದೆ. ನೀರಿನಿಂದ ಮಾಸ್ಕಿನೊಳಗಿನ ಗಾಳಿಗೆ ದಾಟುವಾಗ ಬೆಳಕು ಬಾಗುತ್ತದೆ. ಇದರಿಂದ ನೀರೊಳಗಿನ ವಸ್ತು ನಿಜಕ್ಕಿಂತ ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ, ಕಾಲು ಭಾಗದಷ್ಟು ಹತ್ತಿರವಾಗಿ ಕಾಣುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಯೆಲ್ಲೋಟೇಲ್ ಕಿಂಗ್‌ಫಿಶ್ ಹಿಡಿಯಲು ಅದು ಕನಿಷ್ಠ 65 ಸೆಂಟಿಮೀಟರ್ ಉದ್ದವಿರಬೇಕು. (ಮಂಗಳೂರಿನಲ್ಲಿ ಕಿಂಗ್‌ಫಿಶ್ ಎಂದರೆ ನೆನಪಾಗುವ ಅಂಜಲ್ ಬೇರೆ ಜಾತಿ.) ನೀರೊಳಗೆ ಹೊಸ ಕಣ್ಣಿಗೆ 65 ಸೆಂಟಿಮೀಟರ್ ಎಂದು ತೋರುವ ಮೀನು ನಿಜದಲ್ಲಿ 49ರ ಹತ್ತಿರವಿರಬಹುದು, ಇನ್ನೂ ಮೊಟ್ಟೆ ಇಡುವ ವಯಸ್ಸಿಗೆ ಬಾರದ ಮೀನು ಅದಾಗಿರಬಹುದು. ಮೂರು ಮೀಟರ್ ಎಂದುಕೊಂಡದ್ದು ನಾಲ್ಕು ಮೀಟರಾಗಿರುತ್ತದೆ. ಸರಳು ಅಲ್ಲಿಗೆ ತಲುಪುವ ಹೊತ್ತಿಗೆ ಬಿರುಸು ಕಳೆದುಕೊಂಡು ತಲೆಯ ಬದಲು ಹೊಟ್ಟೆಗೋ ಬಾಲದ ಬುಡಕ್ಕೋ ತಾಗುತ್ತದೆ. ಮೀನು ಹರಿದುಕೊಂಡು ಬಂಡೆಯ ಸಂದಿಗೆ ಸೇರಿ ಅಲ್ಲಿ ನಿಧಾನವಾಗಿ ಸಾಯುತ್ತದೆ. ಅದು ಯಾರ ಊಟಕ್ಕೂ ಆಗಲಿಲ್ಲ, ಯಾರ ಲೆಕ್ಕಕ್ಕೂ ಸಿಗಲಿಲ್ಲ. ಅಭ್ಯಾಸವಾದವರು ಈ ದೃಷ್ಟಿಭ್ರಮೆಯನ್ನು ಕಳೆದೇ ನೋಡುತ್ತಾರೆ. ಆದರೆ ಅದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ನೀರೊಳಗೆ ಊಹಿಸಿ, ಅಳೆದು, ತಪ್ಪಿ, ಮತ್ತೆ ಊಹಿಸಿದರೇ ಕಣ್ಣು ಪಳಗುವುದು. ಅಳತೆಪಟ್ಟಿ ಹಿಡಿದು ಮಾಡುವ ತಪ್ಪಿಗೆ ಯಾರೂ ಸಾಯುವುದಿಲ್ಲ, ಈಟಿ ಹಿಡಿದು ಮಾಡುವ ತಪ್ಪಿಗೆ ಒಂದು ಜೀವ ಹೋಗುತ್ತದೆ.

ಗುರುತಿನ ಮಾತು ಇನ್ನೂ ಆಳದ್ದು. ನೀಲಿ ಗ್ರೋಪರ್ ಹೆಸರಿಗೆ ಗ್ರೋಪರ್, ಕುಲದಲ್ಲಿ ಅಲ್ಲ. ನಮ್ಮ ಕರಾವಳಿಯ ಮುರು ಮೀನಿನ, ಗಲ್ಫ್‌ನಲ್ಲಿರುವ ಕನ್ನಡಿಗರು ಹಮೂರ್ ಎಂದು ಕೊಳ್ಳುವ ಮೀನಿನ ಬಳಗಕ್ಕೆ ಅದು ಸೇರಿದ್ದಲ್ಲ, ರಾಸ್ ಎಂಬ ಬೇರೆಯೇ ಬಳಗದ್ದು. ಹಾಗಿದ್ದೂ ಒಂದು ವಿಷಯದಲ್ಲಿ ಇವು ಒಂದೇ ದಾರಿಯವು: ಹೆಣ್ಣಾಗಿ ಬದುಕು ಆರಂಭಿಸಿ, ದೊಡ್ಡದಾದ ಮೇಲೆ ಕೆಲವು ಗಂಡಾಗುತ್ತವೆ. ಗ್ರೋಪರ್‌ನ ಹೆಣ್ಣು ಕಂದು ಅಥವಾ ಕೆಂಪು ಛಾಯೆಯದು. ಹತ್ತು ವರ್ಷ ದಾಟಿ ಗಂಡಾದ ಮೇಲಷ್ಟೇ ಅದಕ್ಕೆ ಆ ಕಡು ನೀಲಿ ಬರುತ್ತದೆ. ಮೂರು ದಶಕ ಮೀರಿ ಬದುಕಬಲ್ಲ ಈ ಮೀನು ಒಂದೇ ಬಂಡೆಸಾಲಿಗೆ ಅಂಟಿಕೊಂಡು, ಹಲವು ಹೆಣ್ಣುಗಳ ನಡುವೆ ಒಂದು ಗಂಡಿನಂತೆ ನೆಲೆಸುತ್ತದೆ. ನೀಲಿಯದಕ್ಕೆ ಕಾನೂನಿನ ರಕ್ಷಣೆ ಇದೆ ಎಂದು ಕೇಳಿ ಬಲ್ಲ ಹೊಸಬನಿಗೆ ಕಂದು ಮೀನೂ ಅದೇ ಎಂಬುದು ಹೊಳೆಯದೆ ಹೋಗಬಹುದು. ಇಲ್ಲಿ ನೆನಪಾಗುವುದು ದಶರಥ. ಶಬ್ದ ಕೇಳಿಯೇ ಗುರಿ ಮುಟ್ಟಿಸಬಲ್ಲ ಬಿಲ್ಲುಗಾರನ ಕೈ ಅಂದು ತಪ್ಪಲಿಲ್ಲ, ಬಾಣ ಗುರಿಗೇ ತಾಗಿತು. ತಪ್ಪಿದ್ದು ಗುರುತು. ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ತಿಳಿದದ್ದರಿಂದ ಶ್ರವಣಕುಮಾರ ಸತ್ತ. ಹೊಡೆಯುವ ವಿದ್ಯೆ ಒಂದು, ಏನನ್ನು ಹೊಡೆಯುತ್ತಿದ್ದೇನೆ ಎಂದು ತಿಳಿಯುವ ವಿದ್ಯೆ ಇನ್ನೊಂದು. ಈಗಿನ ಕಲಿಕೆಯಲ್ಲಿ ಮೊದಲನೆಯದಕ್ಕೇ ಮಣೆ. ಅಂಗಡಿಯವರು ಗನ್ನಿನ ಉದ್ದ, ರಬ್ಬರಿನ ಬಿಗಿ, ಸರಳಿನ ದಪ್ಪ ವಿವರಿಸುತ್ತಾರೆ, ಬಂಡೆಯ ನೆರಳಲ್ಲಿ ಕಾಣುವ ಕಂದು ಮೀನು ಯಾವುದೆಂದು ವಿವರಿಸುವುದು ಅವರ ವ್ಯಾಪಾರದ ಭಾಗವಲ್ಲ.

ಮೀನಿನ ಪ್ರಾಣದ ಮಾತಾಯಿತು, ಇನ್ನು ಮನುಷ್ಯನ ಪ್ರಾಣದ ಮಾತು. ಹೊಸಬನ ಮನಸ್ಸಿನಲ್ಲಿರುವ ಭಯ ಶಾರ್ಕಿನದು. 1963ರ ಡಿಸೆಂಬರ್ 8ರಂದು ದಕ್ಷಿಣ ಆಸ್ಟ್ರೇಲಿಯಾದ ಆಲ್ಡಿಂಗಾ ಬಳಿ ಈಟಿ ಸ್ಪರ್ಧೆಯ ನಡುವೆ ರಾಡ್ನಿ ಫಾಕ್ಸ್ ಅವರನ್ನು ಬಿಳಿ ಶಾರ್ಕ್ ಕಚ್ಚಿ ಹಿಡಿದದ್ದು, ನೂರಾರು ಹೊಲಿಗೆ ಹಾಕಿಸಿಕೊಂಡು ಅವರು ಬದುಕಿದ್ದು, ಮುಂದೆ ಅದೇ ಶಾರ್ಕ್‌ಗಳ ರಕ್ಷಣೆಗೆ ನಿಂತದ್ದು ಜಗತ್ತೆಲ್ಲ ಬಲ್ಲ ಕಥೆ. ರಕ್ತ ಸೋರುವ ಮೀನನ್ನು ಸೊಂಟಕ್ಕೆ ಕಟ್ಟಿಕೊಳ್ಳದೆ ದೂರದ ತೇಲುಬುರುಡೆಗೆ ಕಟ್ಟುವುದು ಒಳ್ಳೆಯದು, ಅದನ್ನು ಕಲಿಯಲೇಬೇಕು. ಆದರೆ ಉಸಿರು ಹಿಡಿದು ಮುಳುಗುವವನನ್ನು ಕಾಯುತ್ತಿರುವ ಹೆಚ್ಚು ನಿತ್ಯದ ಅಪಾಯಕ್ಕೆ ಹಲ್ಲಿಲ್ಲ, ಸದ್ದಿಲ್ಲ, ನೋವೂ ಇಲ್ಲ. ಉಸಿರು ಬೇಕೆಂದು ನಮ್ಮನ್ನು ಒತ್ತಾಯಿಸುವುದು ಆಮ್ಲಜನಕದ ಕೊರತೆ ಎಂದು ಬಹುತೇಕರು ತಿಳಿದಿದ್ದೇವೆ. ಹಾಗಲ್ಲ. ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್ ಆ ಕೆಲಸ ಮಾಡುತ್ತದೆ. ಮುಳುಗುವ ಮುನ್ನ ಬಡಬಡನೆ ಹತ್ತಾರು ಸಲ ಉಸಿರಾಡಿದರೆ ಹೆಚ್ಚು ಗಾಳಿ ತುಂಬಿಕೊಂಡೆ ಎಂದು ಹೊಸಬನಿಗೆ ಅನಿಸುತ್ತದೆ. ನಿಜದಲ್ಲಿ ಆಮ್ಲಜನಕ ಹೆಚ್ಚೇನೂ ಏರಿರುವುದಿಲ್ಲ, ಇಂಗಾಲದ ಡೈಆಕ್ಸೈಡ್ ಇಳಿದಿರುತ್ತದೆ. ಅಂದರೆ ಇಂಧನ ತುಂಬಿಸಿದಂತಲ್ಲ, ಇಂಧನ ಮುಗಿಯಿತೆಂದು ಹೇಳುವ ಗಂಟೆಯನ್ನು ಕಿತ್ತಿಟ್ಟಂತೆ. ಗಂಟೆ ಬಾರಿಸುವ ಮೊದಲೇ ಮಿದುಳು ಆರಿಹೋಗಬಹುದು.

ಆಳ ಇದಕ್ಕೆ ಇನ್ನೊಂದು ತಿರುವು ಕೊಡುತ್ತದೆ. ಹತ್ತು ಮೀಟರ್ ಕೆಳಗೆ ಒತ್ತಡ ಮೇಲ್ಮೈಯ ಎರಡರಷ್ಟು. ಎದೆಯೊಳಗಿನ ಗಾಳಿ ಹಿಂಡಿಹೋಗಿ, ಉಳಿದ ಅಲ್ಪ ಆಮ್ಲಜನಕವೂ ರಕ್ತಕ್ಕೆ ಸಲೀಸಾಗಿ ನುಗ್ಗುತ್ತದೆ. ಕೆಳಗಿರುವಾಗ ಎಲ್ಲವೂ ಹಾಯಾಗಿರುತ್ತದೆ. ಮೇಲಕ್ಕೆ ಬರುವಾಗ ಆ ಕೊನೆಯ ಹತ್ತು ಮೀಟರಿನಲ್ಲಿ ಒತ್ತಡ ಅರ್ಧಕ್ಕಿಳಿಯುತ್ತದೆ, ಅದರೊಂದಿಗೆ ಆಮ್ಲಜನಕದ ಒತ್ತಡವೂ ಕುಸಿಯುತ್ತದೆ. ಬೆಳಕು ಕಾಣುತ್ತಿದೆ, ಇನ್ನೇನು ಮುಟ್ಟಿದೆ ಎನ್ನುವ ಜಾಗದಲ್ಲೇ, ಕೆಲವೊಮ್ಮೆ ತಲೆ ಹೊರಬಂದ ಮೇಲೂ, ಪ್ರಜ್ಞೆ ತಪ್ಪುತ್ತದೆ. ಪಕ್ಕದಲ್ಲಿ ಒಬ್ಬ ಜೊತೆಗಾರ ನೋಡುತ್ತಿದ್ದರೆ ಮುಖವನ್ನು ನೀರಿನಿಂದೆತ್ತಿ, ಮಾಸ್ಕ್ ತೆಗೆದು, ಮುಖದ ಮೇಲೆ ಊದಿ, ಹೆಸರು ಹಿಡಿದು ಕರೆದರೆ ಬಹಳ ಸಲ ಕೆಲವೇ ಸೆಕೆಂಡುಗಳಲ್ಲಿ ಉಸಿರು ಮರಳುತ್ತದೆ. ಯಾರೂ ಇಲ್ಲದಿದ್ದರೆ ಸೊಂಟದ ಸೀಸ ಅವನನ್ನು ಕೆಳಕ್ಕೆ ಒಯ್ಯುತ್ತದೆ. ಅನುಭವಿಗಳು ಒಬ್ಬ ಮುಳುಗಿದಾಗ ಇನ್ನೊಬ್ಬ ಮೇಲಿರಬೇಕು ಎಂಬ ಕಟ್ಟಳೆಯನ್ನು ಬಿಡದೆ ಪಾಲಿಸುವುದು ಇದಕ್ಕೇ. ಹೊಸಬ ಹತ್ತು ಮೀಟರ್ ಎಲ್ಲಿ ಮುಳುಗುತ್ತಾನೆ, ಮೂರು ಮೀಟರಿಗೇ ಕಿವಿ ಹಿಡಿದುಕೊಂಡು ಮೇಲೆ ಬರುತ್ತಾನಲ್ಲ ಎನ್ನಬಹುದು. ನಿಜ, ಬಹಳ ಮಂದಿಗೆ ಮೊದಲ ದಿನ ಕಿವಿಯೇ ಕಾವಲುಗಾರ. ಆದರೆ ಬಡಬಡ ಉಸಿರಾಟದಿಂದ ಪ್ರಜ್ಞೆ ತಪ್ಪಿ ಸಾಯುವುದು ಎದೆಮಟ್ಟದ ಈಜುಕೊಳದಲ್ಲೂ ಆಗಿರುವ ಸಂಗತಿ. ಮತ್ತು ಕೈಯಲ್ಲಿ ಈಟಿ ಇರುವುದೇ ಈ ಅಪಾಯವನ್ನು ಬೆಳೆಸುತ್ತದೆ. ಬರಿಗೈಯವನು ಉಸಿರು ಕಟ್ಟಿದೊಡನೆ ಮೇಲೆ ಬರುತ್ತಾನೆ, ಅವನನ್ನು ಕೆಳಗೆ ಹಿಡಿದಿಡುವುದು ಏನೂ ಇಲ್ಲ. ಈಟಿಯವನ ಎದುರು ಮೀನು ನಿಂತಿದೆ, ಇನ್ನು ಎರಡು ಸೆಕೆಂಡು ಕಾದರೆ ಅಡ್ಡ ತಿರುಗುತ್ತದೆ, ಹೊಡೆದ ಮೇಲೆ ಅದು ಬಂಡೆಯೊಳಗೆ ಸಿಕ್ಕಿಹಾಕಿಕೊಂಡಿದೆ, ಹೊಸ ಸರಳಿಗೆ ಕೊಟ್ಟ ದುಡ್ಡು ನೆನಪಾಗುತ್ತಿದೆ. ಆ ಎರಡೆರಡು ಸೆಕೆಂಡುಗಳೇ ಕೂಡಿ ಪ್ರಾಣದ ಬೆಲೆಯಾಗುತ್ತವೆ.

ಹಾಗಾದರೆ ಮೊದಲ ದಿನ ಏನು ಮಾಡಬೇಕು? ಮಾಡುವುದಕ್ಕೆ ಬೇಕಾದಷ್ಟಿದೆ, ಒಂದು ದಿನ ಸಾಲದು. ನೀರಿಗಿಳಿಯುವ ಮುನ್ನ ಅರ್ಧ ಗಂಟೆ ಬಂಡೆಯ ಮೇಲೆ ಕೂತು ಅಲೆಗಳ ಗುಂಪು ಎಷ್ಟು ಹೊತ್ತಿಗೊಮ್ಮೆ ದೊಡ್ಡದಾಗಿ ಬರುತ್ತದೆ, ಸೆಳವು ಯಾವ ಕಡೆಗೆ, ಇಳಿದ ಜಾಗದಲ್ಲೇ ಹತ್ತಲು ಆಗದಿದ್ದರೆ ಇನ್ನೆಲ್ಲಿ ಹತ್ತುವುದು ಎಂದು ನೋಡಬೇಕು. ದಡದ ಬಂಡೆಗಳ ಮೇಲೆ ಅಲೆ ಎಸೆದು ಗಾಯವಾಗುವುದೂ ಒಂದು ಆಪತ್ತು, ಆದರೂ ಇದನ್ನು ಯಾರೂ ಪಾಠವೆಂದು ಎಣಿಸುವುದಿಲ್ಲ. ನೀರಿನಲ್ಲಿ ಸೀಸದ ತೂಕವನ್ನು ಹೊಂದಿಸಿಕೊಳ್ಳಬೇಕು, ಉಸಿರು ಬಿಟ್ಟ ಮೇಲೂ ಮೇಲ್ಮೈಯಲ್ಲಿ ತೇಲುವಷ್ಟು ಕಡಿಮೆ. ಬೆಲ್ಟನ್ನು ಒಂದೇ ಕೈಯಲ್ಲಿ, ಕಣ್ಣು ಮುಚ್ಚಿ ಬಿಚ್ಚಿ ಬಿಡಲು ಬರಬೇಕು. ತಲೆ ಕೆಳಗಾಗಿ ಸದ್ದಿಲ್ಲದೆ ಮುಳುಗುವುದು, ನೋವು ಬರುವ ಮೊದಲೇ ಕಿವಿಯ ಒತ್ತಡ ಸರಿಮಾಡಿಕೊಳ್ಳುವುದು, ದೋಣಿಗಳಿಗೆ ಕಾಣುವಂತೆ ಬಾವುಟದ ತೇಲುಬುರುಡೆ ಎಳೆದುಕೊಂಡು ಈಜುವುದು, ಜೊತೆಗಾರ ಮುಳುಗಿದಾಗ ಅವನ ಮೇಲಿಂದ ಕಣ್ಣು ತೆಗೆಯದಿರುವುದು. ಕೊನೆಯದು ಹೇಳಿದಷ್ಟು ಸುಲಭವಲ್ಲ, ತನ್ನ ಸರದಿ ಯಾವಾಗ ಎಂದು ಚಡಪಡಿಸುವವನಿಗೆ ಇನ್ನೊಬ್ಬನನ್ನು ಕಾಯುವುದೇ ದೊಡ್ಡ ಶಿಸ್ತು. ಇದಾದ ಮೇಲೆ ಅಳತೆಯ ಪಾಠ: ತಳದಲ್ಲಿ ಬೇರೆ ಬೇರೆ ಉದ್ದದ ಮೀನಿನಾಕಾರದ ಹಲಗೆಗಳನ್ನಿಟ್ಟು, ಊಹಿಸಿ, ಹತ್ತಿರ ಹೋಗಿ ಅಳೆಯುವುದು. ಆಮೇಲೆ ಕಂಡ ಮೀನುಗಳಲ್ಲಿ ಹತ್ತನ್ನಾದರೂ ಹೆಸರು ಹಿಡಿದು ಹೇಳುವುದು, ಅದರಲ್ಲಿ ಯಾವುದನ್ನು ಮುಟ್ಟಕೂಡದು ಎಂಬುದೂ ಸೇರಿ. ಬೇಕಾದರೆ ಆಮೇಲೊಂದು ದಿನ ಆಳವಿಲ್ಲದ ಕಡೆ ಸ್ಪಂಜಿನ ಗುರಿಗೆ ಹೊಡೆದು ಕೈ ಸಾಧಿಸಲಿ. ಮೀನನ್ನು ಹೊಡೆದ ಮೇಲೆ ಕ್ಷಣ ತಡಮಾಡದೆ ಕಣ್ಣಿನ ಹಿಂದಿನ ಮಿದುಳಿಗೆ ಚೂರಿ ಇಟ್ಟು ಅದರ ನೋವು ಮುಗಿಸುವುದನ್ನೂ ದಡದಲ್ಲಿ, ಮಾರುಕಟ್ಟೆಯಿಂದ ತಂದ ಮೀನಿನ ಮೇಲೆ ಕಲಿಯಬಹುದು.

ಇದಕ್ಕೆ ಎದುರಾಡುವವರ ಮೊದಲ ಮಾತು ಬಲವಾದದ್ದೇ. ಬಲೆಗೆ ಕಣ್ಣಿಲ್ಲ, ಗಾಳಕ್ಕೆ ಕಣ್ಣಿಲ್ಲ, ಕಣ್ಣಿರುವುದು ಈಟಿಗೆ ಮಾತ್ರ, ಬೇಕಾದ ಮೀನನ್ನಷ್ಟೇ ಆರಿಸಿ ಹಿಡಿಯುವ ಇಷ್ಟು ಶುದ್ಧವಾದ ವಿಧಾನಕ್ಕೆ ಇನ್ನೊಂದು ಕಟ್ಟು ಏಕೆ ಎಂದು ಅವರು ಕೇಳುತ್ತಾರೆ. ಆರಿಸುವ ಶಕ್ತಿ ಈಟಿಗಿದೆ ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಆರಿಸುವುದು ಉಪಕರಣವಲ್ಲ, ಹಿಡಿದವನ ಅರಿವು. ಅರಿವಿಲ್ಲದ ಕೈಯಲ್ಲಿ ಅದೇ ಗುಣ ದೋಷವಾಗುತ್ತದೆ. ಹೊಸಬ ಆರಿಸುವುದು ಯಾವುದನ್ನು? ದೊಡ್ಡದನ್ನು, ನಿಧಾನಿಯನ್ನು, ಹೆದರದೆ ಹತ್ತಿರ ಬರುವುದನ್ನು. ಬಂಡೆಸಾಲಿನಲ್ಲಿ ದೊಡ್ಡದು, ನಿಧಾನಿ, ನಿರ್ಭೀತ ಎಂದರೆ ಹತ್ತಾರು ವರ್ಷ ಬದುಕಿ, ಗಂಡಾಗಿ, ಇಡೀ ಗುಂಪಿನ ಸಂತಾನಕ್ಕೆ ಆಧಾರವಾದ ಆ ಒಂದು ಮೀನು. ಬಲೆ ನೂರು ಬೂತಾಯಿ ಎತ್ತಿದರೆ ಕಡಲಿಗೆ ಆಗುವ ನಷ್ಟ ಒಂದು ಬಗೆ, ಒಂದು ಬಂಡೆಯ ಒಂದೇ ಗಂಡು ಗ್ರೋಪರ್ ಹೋದರೆ ಆಗುವ ನಷ್ಟವೇ ಬೇರೆ. ಈಟಿಗೆ ತಡೆ ಹಾಕಿದ ಮೇಲೆ ಗ್ರೋಪರ್‌ಗಳು ಚೇತರಿಸಿಕೊಂಡದ್ದನ್ನು ನೋಡಿದರೆ, ಹವ್ಯಾಸಿಗಳ ಕೈಯೂ ಹಗುರವಾದದ್ದಲ್ಲ ಎಂದು ಒಪ್ಪಬೇಕಾಗುತ್ತದೆ.

ಇನ್ನೊಂದು ವಾದ ಹೃದಯಕ್ಕೆ ಹತ್ತಿರವಾದದ್ದು. ಕಡಲನ್ನು ಪ್ರೀತಿಸಲು ಕಲಿಸಿದ್ದೇ ಈಟಿ, ಬೇಟೆಗಾರರೇ ಮುಂದೆ ರಕ್ಷಕರಾದರು ಎನ್ನುವುದು. ರಾನ್ ಟೇಲರ್ 1965ರಲ್ಲಿ ತಾಹಿತಿಯಲ್ಲಿ ನಡೆದ ಸ್ಪರ್ಧೆಯಲ್ಲಿ ಈಟಿ ಮೀನುಗಾರಿಕೆಯ ವಿಶ್ವ ಚಾಂಪಿಯನ್ ಆದವರು, ಅವರ ಪತ್ನಿ ವ್ಯಾಲರಿ ಟೇಲರ್ ಕೂಡ ಆಸ್ಟ್ರೇಲಿಯಾದ ಚಾಂಪಿಯನ್. ಇಬ್ಬರೂ ಕೊಲ್ಲುವುದನ್ನು ಬಿಟ್ಟು ಕ್ಯಾಮೆರಾ ಹಿಡಿದರು, ಶಾರ್ಕ್‌ಗಳ ಪರವಾಗಿ ಜೀವನವಿಡೀ ಮಾತಾಡಿದರು. ಇವರನ್ನು ಗೌರವಿಸುವ ಕಾರಣದಿಂದಲೇ ಈ ಕಥೆಯ ಇನ್ನೊಂದು ಬದಿಯನ್ನೂ ನೋಡಬೇಕು. ಅದೇ ಕಾಲದಲ್ಲಿ, ಅದೇ ಪೂರ್ವ ಕರಾವಳಿಯಲ್ಲಿ, ಗ್ರೇ ನರ್ಸ್ ಶಾರ್ಕ್‌ಗಳನ್ನು ಈಟಿಗಾರರು ಬೇಕಾಬಿಟ್ಟಿ ಕೊಂದರು. ಬಾಯಿ ತುಂಬ ಹೊರಚಾಚಿದ ಹಲ್ಲುಗಳಿರುವ ಆ ಶಾರ್ಕ್ ನೋಟಕ್ಕೆ ಭಯಂಕರ, ಸ್ವಭಾವದಲ್ಲಿ ಸಾಧು. ಅದು ನರಭಕ್ಷಕ ಎಂದು ತಪ್ಪಾಗಿ ತಿಳಿದು, ಕೊಂದವರು ಶೂರರೆನಿಸಿಕೊಂಡರು. 1984ರಲ್ಲಿ ನ್ಯೂ ಸೌತ್ ವೇಲ್ಸ್ ಅದಕ್ಕೆ ರಕ್ಷಣೆ ಕೊಟ್ಟಿತು, ಜಗತ್ತಿನಲ್ಲೇ ಕಾನೂನಿನ ರಕ್ಷಣೆ ಪಡೆದ ಮೊದಲ ಶಾರ್ಕ್ ಎಂದು ಅದನ್ನು ಹೆಸರಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ಹೆಚ್ಚೆಂದರೆ ಎರಡು ಮರಿ ಹಾಕುವ ಪ್ರಾಣಿ ಅದು. ಹೀಗಾಗಿ ದಶಕಗಳ ರಕ್ಷಣೆಯ ನಂತರವೂ ಪೂರ್ವ ಕರಾವಳಿಯ ಗ್ರೇ ನರ್ಸ್ ಅಳಿವಿನ ಅಂಚಿನಿಂದ ದೂರ ಸರಿದಿಲ್ಲ. ಗುರುತು ತಪ್ಪಿದ ಒಂದು ಪೀಳಿಗೆಯ ಪಾಠಕ್ಕೆ ಆ ಶಾರ್ಕ್ ಕೊಟ್ಟ ಶುಲ್ಕ ಇದು. ಬೇಟೆಯಿಂದ ಪ್ರೀತಿ ಹುಟ್ಟಬಹುದು, ಹುಟ್ಟಿದೆ ಕೂಡ. ಆದರೆ ಟೇಲರ್ ದಂಪತಿಯನ್ನು ಬದಲಿಸಿದ್ದು ನೀರಿನೊಳಗೆ ವರ್ಷಗಟ್ಟಲೆ ಕಣ್ಣು ತೆರೆದು ನೋಡಿದ್ದು. ನೋಡುವುದನ್ನೇ ಮೊದಲ ದಿನಕ್ಕೆ ತಂದರೆ ಅಷ್ಟು ಶುಲ್ಕ ಕಟ್ಟಬೇಕಿಲ್ಲ.

ಈಟಿ ಹಿಡಿದು ಮೀನು ಹಿಡಿಯುವುದು ಮನುಷ್ಯನ ಆದಿ ವಿದ್ಯೆ, ಅದಕ್ಕೆ ಪರೀಕ್ಷೆ ಪ್ರಮಾಣಪತ್ರ ಎಂತಹದು ಎಂದು ಕೇಳುವವರಿಗೆ ಸಂಪ್ರದಾಯವೇ ಉತ್ತರ ಕೊಡುತ್ತದೆ. ನ್ಯೂ ಸೌತ್ ವೇಲ್ಸ್‌ನ ದಕ್ಷಿಣ ಕರಾವಳಿಯ ಮೂಲನಿವಾಸಿ ಕುಟುಂಬಗಳಲ್ಲಿ ಮುಳುಗಿ ಅಬಲೋನಿ ಎಂಬ ಚಿಪ್ಪುಜೀವಿಯನ್ನು ಕೀಳುವ ವಿದ್ಯೆ ಹಿರಿಯರಿಂದ ಕಿರಿಯರಿಗೆ ಬಂದದ್ದು. ಲಕ್ಷದ್ವೀಪದಲ್ಲಿ ಇಳಿತದ ಹೊತ್ತಿನಲ್ಲಿ ಹವಳದ ದಿಬ್ಬದ ಮೇಲೆ ನಡೆದು ಪೊಟರೆಯೊಳಗಿನ ಅಷ್ಟಪದಿಯನ್ನು ಚುಚ್ಚಿ ತೆಗೆಯುವವರಿದ್ದಾರೆ. ನಮ್ಮ ಕರಾವಳಿಯಲ್ಲೂ ಉಸಿರು ಕಟ್ಟಿ ಮುಳುಗಿ ಬಂಡೆಯಿಂದ ಪಚ್ಚಿಲೆ ಎಬ್ಬಿಸುವವರು ಇಂದಿಗೂ ಇದ್ದಾರೆ. ಇವರಲ್ಲಿ ಯಾರ ಮೊದಲ ದಿನವೂ ನಿಜವಾಗಿ ಮೊದಲ ದಿನವಲ್ಲ. ಹುಡುಗ ಆಯುಧ ಹಿಡಿಯುವ ಹೊತ್ತಿಗೆ ನೂರಾರು ದಿನ ಬರಿಗೈಯಲ್ಲಿ ಅದೇ ನೀರಿನಲ್ಲಿ ಆಡಿರುತ್ತಾನೆ, ಅಪ್ಪನ ಬುಟ್ಟಿ ಹೊತ್ತಿರುತ್ತಾನೆ, ಯಾವ ಮೀನಿಗೆ ಯಾವ ತಿಂಗಳು ಎಂದು ಕೇಳಿ ಬೆಳೆದಿರುತ್ತಾನೆ. ಆ ದೀರ್ಘ ಶಿಷ್ಯವೃತ್ತಿ ನಗರದ ಹವ್ಯಾಸಿಗೆ ಸಿಕ್ಕಿಲ್ಲ, ಅಂಗಡಿಯಿಂದ ಅವನಿಗೆ ಸಿಕ್ಕಿದ್ದು ಆಯುಧ ಮಾತ್ರ. ನಾನು ಕೇಳುತ್ತಿರುವ ಈಟಿಯಿಲ್ಲದ ದಿನ ಆ ಕಳೆದುಹೋದ ಶಿಷ್ಯವೃತ್ತಿಯ ತೀರಾ ಸಣ್ಣ ಚೂರು.

ಟ್ರಾಲರ್‌ಗಳು ಕಡಲ ತಳವನ್ನೇ ಗುಡಿಸುವಾಗ ಒಬ್ಬ ಹವ್ಯಾಸಿಯ ಒಂದು ಸರಳಿನ ಬಗ್ಗೆ ಇಷ್ಟು ಮಾತೇ ಎಂಬ ಆಕ್ಷೇಪಕ್ಕೆ ದೀರ್ಘ ಉತ್ತರ ಬೇಕಿಲ್ಲ. ಟ್ರಾಲಿಂಗ್ ದೊಡ್ಡ ಹಾನಿ, ಅದರ ಮೇಲೆ ಕಟ್ಟುನಿಟ್ಟು ಬೇಕು, ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳನ್ನು ನಿಲ್ಲಿಸುವುದೂ ಆ ಕಾರಣಕ್ಕೇ. ಹೊಟ್ಟೆಪಾಡಿಗೆ ಕಡಲಿಗೆ ಹೋಗುವವರೇ ಎರಡು ತಿಂಗಳು ದಡದಲ್ಲಿ ಕೂರಬಲ್ಲರಾದರೆ ಹವ್ಯಾಸಕ್ಕೆ ಹೋಗುವವರು ಒಂದೆರಡು ದಿನ ಈಟಿಯನ್ನು ದಡದಲ್ಲಿ ಬಿಡಲಾರರೇ? ಇನ್ನು, ಕೊಲ್ಲುವುದೇ ತಪ್ಪು, ಕಲಿತು ಕೊಂದರೇನು ಕಲಿಯದೆ ಕೊಂದರೇನು ಎನ್ನುವ ಓದುಗರೂ ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ಆಹಾರಕ್ಕಾಗಿ ಮೀನು ಹಿಡಿಯುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ತಪ್ಪಿಲ್ಲ ಎಂದು ಹೇಳುವವರ ಮೇಲೆಯೇ ಹೆಚ್ಚಿನ ಹೊಣೆ ಬೀಳುತ್ತದೆ. ಬೇಡದ್ದನ್ನು ಕೊಲ್ಲದಿರುವುದು, ಕೊಂದದ್ದನ್ನು ನರಳಿಸದಿರುವುದು, ನರಳಿ ಸಾಯುವಂತೆ ಕೈಬಿಡದಿರುವುದು, ಈ ಮೂರನ್ನೂ ಪಾಲಿಸಲಾರದವನು ತನ್ನ ಊಟಕ್ಕೆ ತಾನೇ ಬೇಟೆಯಾಡುತ್ತೇನೆ ಎಂಬ ಹೆಮ್ಮೆಗೆ ಅರ್ಹನಲ್ಲ. ಮೊದಲ ದಿನದವನು ಈ ಮೂರನ್ನೂ ಪಾಲಿಸಲಾರ. ಅದು ಅವನ ದೋಷವಲ್ಲ, ಆ ದಿನದ ಸ್ವಭಾವ.

ಉಳಿಯುವುದು ಕಾರ್ಯಸಾಧ್ಯತೆಯ ಪ್ರಶ್ನೆ. ಇಷ್ಟುದ್ದದ ಕರಾವಳಿಯಲ್ಲಿ ಯಾರು ಯಾರನ್ನು ಪರೀಕ್ಷಿಸುವುದು, ಇನ್ನೊಂದು ಪರವಾನಗಿ ಎಂದರೆ ಇನ್ನೊಂದು ಕಚೇರಿ, ಇನ್ನೊಂದು ಸಾಲು. ಈ ಅಸಹನೆ ನ್ಯಾಯವಾದದ್ದೇ, ಆದರೆ ಬೇಕಾದದ್ದು ಹೊಸ ಕಚೇರಿಯಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲೇ 25 ತುಂಬದ ಹೊಸ ಚಾಲಕ ಕಾರಿನ ಪರೀಕ್ಷೆಗೆ ಹೋಗುವ ಮುನ್ನ 120 ಗಂಟೆಯ ಚಾಲನೆಯನ್ನು ಪುಸ್ತಕದಲ್ಲಿ ದಾಖಲಿಸಬೇಕು, ಆ ಪುಸ್ತಕ ತುಂಬಿಸಲು ವಾರಾಂತ್ಯಗಳನ್ನು ಮಕ್ಕಳ ಪಕ್ಕದ ಸೀಟಿನಲ್ಲಿ ಕಳೆಯುವ ಪಾಡು ಸಿಡ್ನಿಯ ಕನ್ನಡ ತಂದೆತಾಯಿಗಳಿಗೆ ಚೆನ್ನಾಗಿ ಗೊತ್ತು. 10 ನಾಟ್ ವೇಗಕ್ಕೆ ಏರುವ ಮೋಟಾರು ದೋಣಿಗೂ ಪರವಾನಗಿ ಬೇಕು. ಫ್ರಾನ್ಸಿನಲ್ಲಿ ಕಡಲಿನ ಈಟಿ ಬೇಟೆಗೆ 16 ವರ್ಷ ತುಂಬಿರಬೇಕು, ಇತರರಿಗೆ ಆಗಬಹುದಾದ ಹಾನಿಗೆ ವಿಮೆಯೂ ಇರಬೇಕು. ಅಂದರೆ ಇದು ಹವ್ಯಾಸ ಮಾತ್ರವಲ್ಲ, ಆಯುಧವೂ ಹೌದು ಎಂದು ಒಪ್ಪಿಕೊಂಡ ದೇಶಗಳಿವೆ. ಈಗ ಕಟ್ಟುತ್ತಿರುವ ಮೀನುಗಾರಿಕೆ ಶುಲ್ಕದ ರಸೀದಿಯಲ್ಲೇ ಈಟಿಗೆ ಪ್ರತ್ಯೇಕ ಗುರುತು ಇರಲಿ. ಆ ಗುರುತು ಪಡೆಯಲು ಮಾನ್ಯತೆ ಪಡೆದ ಕ್ಲಬ್ಬೊಂದರ ಜೊತೆ ಬರಿಗೈಯಲ್ಲಿ ಎರಡು ದಿನ ನೀರಿನಲ್ಲಿ ಕಳೆದ ಸಹಿ ಸಾಕು. ಆಸ್ಟ್ರೇಲಿಯಾದಲ್ಲಿ ಇಂಥ ಕ್ಲಬ್ಬುಗಳು ದಶಕಗಳಿಂದ ಇವೆ, ಕಲಿಸಬಲ್ಲ ಹಿರಿಯರು ಅಲ್ಲಿದ್ದಾರೆ. ಗುರುತಿಲ್ಲದ ರಸೀದಿ ತೋರಿಸಿದವನಿಗೆ ಅಂಗಡಿಯವರು ಮಾಸ್ಕು, ಫಿನ್ನು, ವೆಟ್‌ಸೂಟು ಎಲ್ಲವನ್ನೂ ಮಾರಲಿ, ಗನ್ನನ್ನು ಅವನ ಹೆಸರು ಬರೆದು ಕಪಾಟಿನಲ್ಲಿ ತೆಗೆದಿಡಲಿ. ಅದರ ಬದಲು ಆ ದಿನ ಅವನ ಕೈಗೆ ನೀರಿನಲ್ಲಿ ಬರೆಯಬಹುದಾದ ಒಂದು ಪ್ಲಾಸ್ಟಿಕ್ ಹಲಗೆ ಕೊಡಲಿ: ಒಂದು ಅಂಚಿನಲ್ಲಿ ಸೆಂಟಿಮೀಟರ್ ಗುರುತು, ಇನ್ನೊಂದು ಮುಖದಲ್ಲಿ ಆ ತೀರದ ಮುಟ್ಟಬಾರದ ಮೀನುಗಳ ಚಿತ್ರ, ಅದರಲ್ಲಿ ನೀಲಿ ಗ್ರೋಪರ್ ಪಕ್ಕದಲ್ಲೇ ಕಂದು ಗ್ರೋಪರ್ ಕೂಡ.